ಗ್ಯಾರೇಜ್ ವರ್ಕ್‌ಬೆಂಚಿನ ಮೇಲೆ ಏನು ಹಾಕಿಸಬೇಕು? ಆಯ್ಕೆಯಿಂದ ಸ್ಕ್ರೂವರೆಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಬಳ್ಳಾಪುರದ ಕಡೆ ಕಾರ್ ಶೆಡ್ಡಿನಲ್ಲಿ ಬರೀ ಕಾರು ಇರುವ ಮನೆ ಕಮ್ಮಿ. ಒಂದು ಮೂಲೆಯಲ್ಲಿ ಬೆಂಚು ಇದ್ದೇ ಇರುತ್ತದೆ. ಅದರ ಮೇಲೆ ಬಿಚ್ಚಿಟ್ಟ ಸ್ಪ್ರೇಯರ್, ಬೋರ್‌ವೆಲ್ ಸ್ಟಾರ್ಟರ್, ಬೈಕಿನ ಕಾರ್ಬ್ಯುರೇಟರ್, ಹಾಲು ಕರೆಯುವ ಮೆಷಿನ್ನಿನ ಬಿಡಿಭಾಗ. ಇಷ್ಟೂ ಕೆಲಸ ಒಂದೇ ಹಲಗೆಯ ಮೇಲೆ. ಆ ಹಲಗೆ ಸಾಮಾನ್ಯವಾಗಿ ಹಳೇ ಬಾಗಿಲು, ಇಲ್ಲವೇ ಮನೆ ಕಟ್ಟುವಾಗ ಸೆಂಟ್ರಿಂಗ್‌ನಲ್ಲಿ ಉಳಿದ ಪ್ಲೈ. ಸ್ವಲ್ಪ ದಿನ ಚೆನ್ನಾಗಿಯೇ ಇರುತ್ತದೆ. ಆಮೇಲೆ ಆಯಿಲ್ ಕುಡಿದು ಕಪ್ಪಾಗುತ್ತದೆ, ಅಂಚು ಸಿಬಿರೆದ್ದು ಕೈಗೆ ಚುಚ್ಚುತ್ತದೆ, ವೈಸ್ (ಭಾಗಗಳನ್ನು ಬಿಗಿಯಾಗಿ ಹಿಡಿಯುವ ಕಬ್ಬಿಣದ ಹಿಡಿಕೆ) ಕೂರಿಸಿದ ಜಾಗದಲ್ಲಿ ಗುಂಡಿ ಬೀಳುತ್ತದೆ.

ಮೇಲೆ ಏನು ಹಾಕಿದರೆ ಜಾಸ್ತಿ ಕಾಲ ಬಾಳುತ್ತದೆ ಎಂದು ಕೇಳಿದರೆ ಒಂದೇ ಹೆಸರು ಹೇಳಲು ಬರುವುದಿಲ್ಲ. ಸುತ್ತಿಗೆ ಏಟು ತಡೆಯುವ ತಗಡು ಕರೆಂಟ್ ಕೆಲಸಕ್ಕೆ ಆಗುವುದಿಲ್ಲ. ಆಸಿಡ್ ತಡೆಯುವ ರಬ್ಬರ್ ಬಿಸಿ ತಡೆಯುವುದಿಲ್ಲ. ನನ್ನ ಸಲಹೆ ಇಷ್ಟೇ: ಕೆಳಗೆ ಅಲ್ಲಾಡದ ದಪ್ಪ ಹಲಗೆ ಹಾಕಿ. ಅದರ ಮೇಲೆ ಸವೆಯಲಿಕ್ಕೇ ಅಂತ ಒಂದು ಪದರ ಹಾಕಿ, ಸ್ಕ್ರೂ ಬಿಚ್ಚಿ ಬದಲಾಯಿಸುವ ಹಾಗೆ. ಬೆಂಚಿನ ಉದ್ದಕ್ಕೂ ಒಂದೇ ಪದರ ಇರಲೇಬೇಕು ಅಂತ ಹಟ ಬೇಡ.

ಹಂತ 1: ಬೆಂಚಿನ ಮೇಲೆ ಏನು ನಡೆಯುತ್ತದೆ, ಅದನ್ನು ಮೊದಲು ಬರೆದಿಡಿ

ಅಂಗಡಿಗೆ ಹೋಗುವ ಮುಂಚೆ ಒಂದೆರಡು ವಾರ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ. ಏಟು ಬೀಳುವ ಕೆಲಸ ಎಷ್ಟು, ಬಿಸಿ ತಾಗುವ ಕೆಲಸ ಎಷ್ಟು, ಏನೇನು ಚೆಲ್ಲುತ್ತದೆ, ಕರೆಂಟ್ ಕೆಲಸ ಇದೆಯಾ. ನಾವು ಮಾಡುತ್ತೇವೆ ಅಂದುಕೊಂಡಿರುವ ಕೆಲಸ ಒಂದು, ನಿಜವಾಗಿ ಮಾಡುವುದು ಇನ್ನೊಂದು. ವೆಲ್ಡಿಂಗ್ ಮಾಡುತ್ತೇನೆ ಅಂತ ದಪ್ಪ ಪ್ಲೇಟ್ ಹಾಕಿಸಿಕೊಂಡವರು ಕೊನೆಗೆ ಅಲ್ಲಿ ಬರೀ ಚೈನ್ ತೊಳೆಯುತ್ತಾ ಕೂತಿರುತ್ತಾರೆ.

ಏಟು, ಬಿಸಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಚೆಲ್ಲುವ ದ್ರವಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ, ಬೆಂಚು ಹಾಳಾಗುವುದು ಮಾತ್ರ ಅವುಗಳಿಂದಲೇ ಜಾಸ್ತಿ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್ ಬಿದ್ದರೆ ಸಾಮಾನ್ಯ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್, ಅಂದರೆ ಡಾಟ್ 3 ಮತ್ತು ಡಾಟ್ 4, ಪೇಂಟನ್ನು ಎಬ್ಬಿಸಿಬಿಡುತ್ತದೆ. ಹಾಗಾಗಿ ಬ್ರೇಕ್ ಕೆಲಸ ಮಾಡುವವರು ಪೇಂಟ್ ಹೊಡೆದ ಬೆಂಚನ್ನು ನಂಬಬಾರದು. ಇನ್ವರ್ಟರ್ ಬ್ಯಾಟರಿಯ ಆಸಿಡ್ ಕಬ್ಬಿಣ, ಜಿಐ (ಜಿಂಕ್ ಲೇಪಿಸಿದ ಕಬ್ಬಿಣ) ಎರಡನ್ನೂ ತಿನ್ನುತ್ತದೆ, ಮರವನ್ನು ಸುಡುತ್ತದೆ. ಥಿನ್ನರ್ ಬಿದ್ದರೆ ವಿನೈಲ್ ಹಾಸು ಅಂಟಂಟಾಗುತ್ತದೆ.

ನಮ್ಮ ಕಡೆ ಇನ್ನೊಂದು ಸೇರಿಸಿಕೊಳ್ಳಬೇಕು. ದ್ರಾಕ್ಷಿ, ಟೊಮೊಟೊ ಬೆಳೆಯುವ ಮನೆಯಲ್ಲಿ ಸ್ಪ್ರೇಯರ್ ಬೆಂಚಿಗೆ ಬರುತ್ತಲೇ ಇರುತ್ತದೆ. ನಾಝಲ್ ಬಿಚ್ಚಿದ ಕೂಡಲೇ ಒಳಗೆ ಉಳಿದ ಔಷಧಿ ಹಲಗೆ ಮೇಲೆ ಹರಿಯುತ್ತದೆ. ಬರೀ ಮರವಾದರೆ ಅದನ್ನು ಹೀರಿಕೊಂಡು ಒಳಗೇ ಇಟ್ಟುಕೊಳ್ಳುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಮಾರನೇ ದಿನ ಅದೇ ಜಾಗದಲ್ಲಿ ಮಗು ತಿಂಡಿ ಡಬ್ಬಿ ಇಡುತ್ತದೆ. ಆದ್ದರಿಂದ ಸ್ಪ್ರೇಯರ್ ಬಿಚ್ಚುವವರು ಮೇಲೆ ಯಾವ ಪದರ ಹಾಕಿದರೂ ಅದರ ಮೇಲೊಂದು ಅಗಲದ ಪ್ಲಾಸ್ಟಿಕ್ ಟ್ರೇ ಇಟ್ಟುಕೊಳ್ಳಿ. ಆ ಟ್ರೇ ಬೇರೆ ಯಾವ ಕೆಲಸಕ್ಕೂ ಬೇಡ.

ಹಂತ 2: ಕೆಳಗಿನ ಹಲಗೆ ಗಟ್ಟಿ ಇದೆಯಾ?

ಅಂಗೈ ಅಗಲ ಬಿಟ್ಟು ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಒಂದು ಕಡೆ ಗಟ್ಟಿ ಸದ್ದು, ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಪ್ಲೈ ಬಿಟ್ಟುಕೊಂಡಿದೆ, ಇಲ್ಲವೇ ಗೆದ್ದಲು ಸೇರಿದೆ. ಅಂಥದರ ಮೇಲೆ ಎಷ್ಟು ಒಳ್ಳೆ ತಗಡು ಹಾಕಿದರೂ ದುಡ್ಡು ದಂಡ.

ಹೊಸದಾಗಿ ಮಾಡಿಸುವುದಾದರೆ ನನಗೆ ಹಿಡಿಸಿದ ಲೆಕ್ಕ ಇದು. 19 ಎಂಎಂ ಪ್ಲೈ, 8 ಅಡಿಗೆ 4 ಅಡಿ, ಒಂದೇ ಶೀಟ್ ತನ್ನಿ. ಉದ್ದಕ್ಕೆ ಸಮ ಅರ್ಧ ಮಾಡಿಸಿ. ಎರಡನ್ನೂ ಒಂದರ ಮೇಲೊಂದು ಇಟ್ಟು ಫೆವಿಕಾಲ್ ಹಚ್ಚಿ, ಕೆಳಗಿನಿಂದ ಸ್ಕ್ರೂ ಹಾಕಿ. 38 ಎಂಎಂ ದಪ್ಪದ, 8 ಅಡಿ ಉದ್ದದ ಹಲಗೆ ಸಿಗುತ್ತದೆ. ವೈಸ್‌ನಲ್ಲಿ ಬೇರಿಂಗ್ ಹಿಡಿದು ಹೊಡೆದರೂ ಕುಣಿಯುವುದಿಲ್ಲ. ಕೆಳಗೆ ಆಂಗಲ್ ಫ್ರೇಮಿನಲ್ಲಿ ಎರಡು ಅಡಿಗೊಂದು ಅಡ್ಡಪಟ್ಟಿ ಇರಲಿ.

ಪ್ಲೈ ಮೇಲೆ ಐಎಸ್‌ಐ ಮಾರ್ಕಿನ ಜೊತೆ ನಂಬರ್ ಇರುತ್ತದೆ, ಅದನ್ನು ಓದಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಅದರಲ್ಲೇ ಎಂಆರ್ (ತೇವ ತಡೆಯುವುದು) ಮತ್ತು ಬಿಡಬ್ಲ್ಯೂಆರ್ (ಕುದಿನೀರು ತಡೆಯುವುದು) ಎಂದು ಎರಡು ದರ್ಜೆ. ನೀರು ತಡೆಯುವುದು ಬಿಡಬ್ಲ್ಯೂಆರ್. ಐಎಸ್ 710 ಅಂದರೆ ಮರೀನ್ ಪ್ಲೈ. ಶೆಡ್ಡಿಗೆ ಬಿಡಬ್ಲ್ಯೂಆರ್ ಸಾಕು. ಒಂದು ಕಡೆಯಿಂದ ಮಳೆ ಎರಚಲು ಹೊಡೆಯುತ್ತದೆ ಅನ್ನುವುದಾದರೆ 710 ನೋಡಿ. ಎಂಡಿಎಫ್ (ಮರದ ನಾರಿನ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ) ಮಾತ್ರ ಬೇಡವೇ ಬೇಡ. ನೀರು ಕಂಡರೆ ಊದಿಕೊಳ್ಳುತ್ತದೆ, ಒಣಗಿದರೂ ಮೊದಲಿನ ಹಾಗಾಗುವುದಿಲ್ಲ.

ಸಾಮಿಲ್‌ನಲ್ಲಿ ಮಾವು, ನೀಲಗಿರಿ, ಸಿಲ್ವರ್ ಓಕ್ ಹಲಗೆ ಸುಲಭಕ್ಕೆ ಸಿಗುತ್ತವೆ. ನೀಲಗಿರಿ ಒಣಗುತ್ತಾ ತಿರುಚಿಕೊಂಡು ಸೀಳುತ್ತದೆ. ಮಾವಿಗೆ ಹುಳ ಬೇಗ ಬೀಳುತ್ತದೆ. ಮನೆ ಕೆಡವಿದಾಗ ಸಿಕ್ಕಿದ ಹಳೇ ಹಲಸು, ಹೊನ್ನೆ, ಬೇವಿನ ತೊಲೆ ಇದ್ದರೆ ಮಾತೇ ಬೇರೆ. ಅದನ್ನು ಆಚಾರ್ರಿಗೆ ಕೊಟ್ಟು ಹಲಗೆ ಮಾಡಿಸಿ, ಪ್ಲೈ ತರುವುದೇ ಬೇಡ. ಕಾಲು ಮರದ್ದಾಗಿದ್ದರೆ ಅದರಡಿ ಒಂದೊಂದು ಗ್ರಾನೈಟ್ ತುಂಡು ಇಡಿ. ನೇರ ನೆಲಕ್ಕೆ ಮುಟ್ಟಿದ ಮರ ಗೆದ್ದಲಿಗೆ ಕರೆದು ಊಟ ಹಾಕಿದ ಹಾಗೆ.

ಹಂತ 3: ಮೇಲಿನ ಪದರ ಆರಿಸುವುದು

*ಎಂಎಸ್ ಶೀಟ್.* ಅಂದರೆ ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣದ ತಗಡು. ರಿಪೇರಿ ಕೆಲಸ ಮಾಡುವವರಿಗೆ ನನ್ನ ಮೊದಲ ಆಯ್ಕೆ ಇದೇ. ಆಯಿಲ್, ಪೆಟ್ರೋಲ್, ಥಿನ್ನರ್ ಯಾವುದಕ್ಕೂ ಜಗ್ಗುವುದಿಲ್ಲ. ಬಿಸಿ ಸೈಲೆನ್ಸರ್ ತಂದಿಟ್ಟರೂ ಮೇಲ್ಮೈಗೆ ಏನೂ ಆಗುವುದಿಲ್ಲ. ಒರೆಸಿದರೆ ಕ್ಲೀನ್.

ದಪ್ಪದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಗೇಜ್ ಲೆಕ್ಕದಲ್ಲಿ ಮಾತಾಡುತ್ತಾರೆ. 18 ಗೇಜ್ ಅಂದರೆ ಸುಮಾರು 1.2 ಎಂಎಂ, 16 ಅಂದರೆ 1.6, 14 ಅಂದರೆ 2 ಎಂಎಂ. ನಂಬರ್ ಕಮ್ಮಿಯಾದಷ್ಟೂ ದಪ್ಪ ಜಾಸ್ತಿ, ನೆನಪಿರಲಿ. "ಅಣ್ಣಾ, 18 ಸಾಕು ಬಿಡಿ, ಕೆಳಗೆ ಪ್ಲೈ ಇದೆಯಲ್ಲ" ಅಂತ ಅಂಗಡಿಯವರೇ ಹೇಳಬಹುದು. ಆದರೆ 18 ಗೇಜ್ ತಗಡು ಪ್ಲೈಗೆ ಪೂರ್ತಿ ಅಂಟಿ ಕೂರುವುದಿಲ್ಲ. ಅಲ್ಲಲ್ಲಿ ಉಬ್ಬುತ್ತದೆ. ಕೈ ಊರಿದರೆ ಡಬ್ ಅನ್ನುತ್ತದೆ, ಎತ್ತಿದರೆ ಮತ್ತೆ ಡಬ್. ಸುತ್ತಿಗೆ ಜಾರಿ ಬಿದ್ದರೆ ಗುಂಡಿ ಬೀಳುತ್ತದೆ, ಆ ಗುಂಡಿಗೆ ಆಯಿಲ್ ಸೇರುತ್ತದೆ, ಅದರೊಳಗೆ ಸರ್ಕ್ಲಿಪ್‌ನಂಥ ಸಣ್ಣ ಉಂಗುರದ ಕ್ಲಿಪ್ಪು ಮುಳುಗುತ್ತದೆ. 14 ಗೇಜ್ ಹಾಕಿದರೆ ಈ ತಲೆನೋವು ಇಲ್ಲ. 3 ಎಂಎಂ ಹಾಕಿದರೆ ಇನ್ನೂ ಗಟ್ಟಿ, ಆದರೆ ಬಗ್ಗಿಸಲು ದೊಡ್ಡ ಮೆಷಿನ್ ಬೇಕು.

ಶೀಟು ಮಾರುವುದು ತೂಕಕ್ಕೆ. ತಲೆಯಲ್ಲೇ ಲೆಕ್ಕ ಹಾಕಲು ಒಂದು ಸೂತ್ರ ಇದೆ: ಚದರಡಿ, ಎಂಎಂ, 0.73, ಈ ಮೂರನ್ನೂ ಗುಣಿಸಿದರೆ ಕಿಲೋ ಸಿಗುತ್ತದೆ. 8 ಅಡಿಗೆ 2 ಅಡಿ ಶೀಟು 2 ಎಂಎಂ ದಪ್ಪ ಇದ್ದರೆ 16 ಗುಣಿಸು 2 ಗುಣಿಸು 0.73, ಅಂದರೆ ಸುಮಾರು 23 ಕಿಲೋ. ಬಿಲ್ಲಿನಲ್ಲಿ 30 ಬಂದರೆ ಕೇಳಿ. 18 ಬಂದರೂ ಕೇಳಿ, ದಪ್ಪ ಕಮ್ಮಿ ಕೊಟ್ಟಿರುತ್ತಾರೆ.

ಎಂಎಸ್‌ನ ಕೆಟ್ಟ ಗುಣ ಮೂರು. ಮೊದಲನೆಯದು ತುಕ್ಕು, ಅದಕ್ಕೆ ದಾರಿ ಕೊನೆಯಲ್ಲಿ ಹೇಳುತ್ತೇನೆ. ಎರಡನೆಯದು ಗೀರು. ಕಾರ್ಬ್ಯುರೇಟರ್ ಥರದ ಅಲ್ಯೂಮಿನಿಯಂ ಭಾಗವನ್ನು ಅದರ ಮೇಲೆ ಎಳೆದರೆ ಗ್ಯಾಸ್ಕೆಟ್ ಕೂರುವ ಮುಖಕ್ಕೆ ಗೀರು ಬೀಳುತ್ತದೆ. ಮೂರನೆಯದು ಕರೆಂಟ್, ಇದು ತಮಾಷೆಯಲ್ಲ. 415 ವೋಲ್ಟಿನ ಮೂರು ಫೇಸ್ ಸ್ಟಾರ್ಟರನ್ನು ಬರೀ ತಗಡಿನ ಮೇಲಿಟ್ಟು ಲೈನ್ ಕೊಟ್ಟು ಪರೀಕ್ಷೆ ಮಾಡಬೇಡಿ. ಬೆಂಚಿಗೆ ಅರ್ಥಿಂಗ್ ಕೊಡಿಸಿ, ಶೆಡ್ಡಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಕರೆಂಟ್ ಕೆಲಸಕ್ಕೆ ಬೆಂಚಿನ ಬೇರೆ ತುದಿ ಇಟ್ಟುಕೊಳ್ಳಿ.

*ಜಿಐ ಶೀಟ್* ತುಕ್ಕು ಹಿಡಿಯುವುದಿಲ್ಲ ಅಂತ ಸುಮಾರು ಜನ ಹಾಕಿಸುತ್ತಾರೆ. ತುಕ್ಕು ತಡ ಆಗುವುದು ನಿಜ. ಆದರೆ ಸಿಗುವುದು ಬಹಳಷ್ಟು ತೆಳು ತಗಡೇ. ಅದರ ಮೇಲೆ ವೆಲ್ಡಿಂಗ್ ಮಾಡಿದರೆ, ಟಾರ್ಚ್ ಹಿಡಿದರೆ ಜಿಂಕ್ ಸುಟ್ಟು ಬಿಳಿ ಹೊಗೆ ಬರುತ್ತದೆ. ಆ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರುತ್ತದೆ. ಬೆಂಕಿ ಕೆಲಸ ಇರುವವರು ದೂರ ಇರಿ.

*ಸ್ಟೇನ್‌ಲೆಸ್ ಸ್ಟೀಲ್* ನೋಡಲು ಚಂದ, ಆಸೆ ಹುಟ್ಟಿಸುತ್ತದೆ. ಹಾಲಿನ ಮೆಷಿನ್ ಮಾತ್ರ ರಿಪೇರಿ ಮಾಡುವವರಿಗೆ ಸರಿ. 304 ದರ್ಜೆಗೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಮ್ಯಾಗ್ನೆಟ್ ದೀಪ, ಮ್ಯಾಗ್ನೆಟ್ ಬಟ್ಟಲು ಎರಡೂ ದಂಡ. ಅದರ ಪಕ್ಕ ಕಬ್ಬಿಣ ಗ್ರೈಂಡ್ ಮಾಡಿದರೆ ಕಿಡಿ ಬಂದು ಕೂತು, ಮಳೆಗಾಲದಲ್ಲಿ ಅಲ್ಲಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ತುಕ್ಕು ಹಿಡಿದಿದ್ದು ಸ್ಟೀಲಿಗಲ್ಲ, ಮೇಲೆ ಕೂತ ಕಬ್ಬಿಣದ ಪುಡಿಗೆ. ಅಷ್ಟು ದುಡ್ಡು ಕೊಟ್ಟು ಇದನ್ನು ಯಾಕೆ ನೋಡಬೇಕು?

*ಹಾರ್ಡ್‌ಬೋರ್ಡ್.* ಮರದ ನಾರು ಒತ್ತಿ ಮಾಡಿದ ತೆಳು ಹಲಗೆ, ಇದು ಬಡವರ ಬಂಧು. 3 ಎಂಎಂ ದಪ್ಪ, ಒಂದು ಕಡೆ ನುಣುಪು, ಇನ್ನೊಂದು ಕಡೆ ಜಾಲರಿ ಗುರುತು. ನುಣುಪು ಮುಖ ಮೇಲೆ ಮಾಡಿ ಮೂಲೆಗಳಲ್ಲಿ ಸಣ್ಣ ಸ್ಕ್ರೂ ಹಾಕಿ ಬಿಟ್ಟುಬಿಡಿ. ಅಲ್ಯೂಮಿನಿಯಂ ಭಾಗಕ್ಕೆ ಗೀರು ಬೀಳುವುದಿಲ್ಲ, ಬಿದ್ದ ಸ್ಕ್ರೂ ಪುಟಿಯುವುದಿಲ್ಲ, ಪೆನ್ಸಿಲ್‌ನಲ್ಲಿ ಲೆಕ್ಕ ಬರೆಯಬಹುದು. ಹಾಳಾಯಿತಾ, ಬಿಚ್ಚಿ ಬೇರೆ ಹಾಕಿ. ನೀರಿಗೆ ಊದುತ್ತದೆ, ಆಯಿಲ್ ಹೀರುತ್ತದೆ, ಹೌದು. ಬದಲಾಯಿಸಲಿಕ್ಕೇ ಅಲ್ವಾ ಹಾಕಿದ್ದು? ಸಿಗದಿದ್ದರೆ 4 ಎಂಎಂ ಪ್ಲೈ ಇದೇ ಕೆಲಸ ಮಾಡುತ್ತದೆ.

*ಶಟರಿಂಗ್ ಪ್ಲೈ.* ಆರ್‌ಸಿಸಿ ಕೆಲಸಕ್ಕೆ ಬಳಸುವ, ಮೇಲೆ ಕಂದು ಅಥವಾ ಕಪ್ಪು ಫಿಲ್ಮ್ ಇರುವ ಪ್ಲೈ. ಆ ಫಿಲ್ಮ್ ನೀರು, ಆಯಿಲ್ ಎರಡನ್ನೂ ಚೆನ್ನಾಗಿ ತಡೆಯುತ್ತದೆ. ಹೊಸದು ತಂದು 12 ಎಂಎಂ ಹಾಕಿಕೊಂಡರೆ ಮರಗೆಲಸಕ್ಕೆ, ಹಗುರ ರಿಪೇರಿಗೆ ತುಂಬ ಒಳ್ಳೆಯದು. ಕತ್ತರಿಸಿದ ಅಂಚಿಗೆ ಪೇಂಟ್ ಹೊಡೆಯಲು ಮರೆತರೆ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಸೆಂಟ್ರಿಂಗ್ ಮೇಸ್ತ್ರಿ ಬಿಟ್ಟುಹೋದ ಹಳೇ ಹಲಗೆ ಬೇಡ. ಒಳಗೆ ಮುರಿದ ಮೊಳೆ ಉಳಿದಿರುತ್ತದೆ.

*ಸನ್‌ಮೈಕಾ.* ಕರೆಂಟ್ ಬೋರ್ಡ್, ಮೊಬೈಲ್, ಮಿಕ್ಸಿ ಬಿಚ್ಚುವ ಮೂಲೆಗೆ ಸರಿಯಾದ ವಸ್ತು. ತಿಳಿ ಬಣ್ಣದ್ದೇ ತೆಗೆದುಕೊಳ್ಳಿ, ಬಿದ್ದ ಚಿಕ್ಕ ಸ್ಕ್ರೂ ಕಾಣುತ್ತದೆ. 1 ಎಂಎಂ ದಪ್ಪ ಇರಲಿ, 0.8 ಸುಮ್ನೆ ಅಲಂಕಾರಕ್ಕೆ. ಸುತ್ತಿಗೆ ಬಿದ್ದರೆ ಚಕ್ಕೆ ಏಳುತ್ತದೆ, ಸೋಲ್ಡರಿಂಗ್ ಐರನ್ ತಾಗಿದರೆ ಗುಳ್ಳೆ ಏಳುತ್ತದೆ. ಸೋಲ್ಡರಿಂಗ್ ಮಾಡುವ ಕಡೆ ಸಿಲಿಕಾನ್ ಮ್ಯಾಟ್ ಹಾಸಿಕೊಳ್ಳಿ. ಸನ್‌ಮೈಕಾವನ್ನು ಅಂಟಿಸಲೇಬೇಕಾಗುವುದರಿಂದ ನೇರ ಬೆಂಚಿಗೆ ಬೇಡ. 6 ಎಂಎಂ ಪ್ಲೈಗೆ ಅಂಟಿಸಿ, ಆ ಪ್ಲೈಯನ್ನು ಬೆಂಚಿಗೆ ಸ್ಕ್ರೂ ಮಾಡಿ.

*ರಬ್ಬರ್.* ಇದರಲ್ಲಿ ನಮ್ಮ ಜಿಲ್ಲೆಯವರಿಗೆ ಅದೃಷ್ಟ ಇದೆ. ಕಲ್ಲು ಕ್ರಷರ್‌ಗಳಲ್ಲಿ ಸವೆದ ಕನ್ವೇಯರ್ ಬೆಲ್ಟ್ ಗುಜರಿ ಅಂಗಡಿಗೆ ಬರುತ್ತದೆ. ಒಳಗೆ ನೈಲಾನ್ ಬಟ್ಟೆಯ ಪದರ, ಮೇಲೆ ಕೆಳಗೆ ರಬ್ಬರ್, ಒಂದು ಸೆಂಟಿಮೀಟರ್ ಆಸುಪಾಸು ದಪ್ಪ. 600 ಎಂಎಂ ಅಗಲದ ಬೆಲ್ಟ್ ಸಿಕ್ಕರೆ ಎರಡು ಅಡಿಯ ಬೆಂಚಿಗೆ ಹೆಚ್ಚುಕಮ್ಮಿ ಅಳತೆ ಮಾಡಿದ ಹಾಗೆ ಕೂರುತ್ತದೆ. ಎಂಜಿನ್ ಕೇಸ್ ಇಟ್ಟರೆ ಜಾರುವುದಿಲ್ಲ, ಏಟಿನ ಸದ್ದು ನುಂಗುತ್ತದೆ. ಬ್ಯಾಟರಿ ಆಸಿಡ್‌ಗೂ ಸುಲಭಕ್ಕೆ ಬಗ್ಗುವುದಿಲ್ಲ.

ತರುವ ಮುಂಚೆ ಎರಡೂ ಮುಖ ತಿರುಗಿಸಿ ನೋಡಿ. ಕಲ್ಲು ಹೊತ್ತ ಮುಖದಲ್ಲಿ ಜಲ್ಲಿ ಚೂರು ರಬ್ಬರಿನೊಳಗೆ ಹೂತಿರುತ್ತದೆ, ಉಗುರಿನಲ್ಲಿ ಸವರಿದರೆ ಗೊತ್ತಾಗುತ್ತದೆ. ರೋಲರ್ ಕಡೆಯ ಮುಖ ನುಣುಪಾಗಿ ಇರುತ್ತದೆ, ಅದನ್ನೇ ಮೇಲೆ ಮಾಡಿ. ಅಂಚಿನಲ್ಲಿ ಬಟ್ಟೆ ನಾರು ಹೊರಗೆ ಬಂದಿದ್ದರೆ ಬೇಡ ಅನ್ನಿ, ಅದು ಆಯಿಲ್ ಹೀರುತ್ತದೆ. ಪೆಟ್ರೋಲಿನಲ್ಲಿ ಭಾಗ ತೊಳೆಯುವ ಜಾಗಕ್ಕೂ ಬೆಲ್ಟ್ ಬೇಡ. ಅಲ್ಲಿಗೆ ರಬ್ಬರೇ ಬೇಕು ಅಂದರೆ ನೈಟ್ರೈಲ್ ಶೀಟ್ ಕೇಳಿ, ಅದು ಆಯಿಲ್ ತಡೆಯುತ್ತದೆ.

ಹಸುವಿನ ಕೊಟ್ಟಿಗೆಗೆ ಹಾಸುವ ಮ್ಯಾಟ್ ಮನೆಯಲ್ಲೇ ಇದೆ, ಅದನ್ನು ಹಾಕಬಹುದಾ ಎಂದು ಕೇಳುವವರು ಇದ್ದಾರೆ. ಬೆಂಚಿಗೆ ಬೇಡ. ತುಂಬ ಮೆತ್ತಗೆ, ಮೇಲಿನ ಗೀರಿನಲ್ಲಿ ವಾಷರ್ ಕಳೆದುಹೋಗುತ್ತದೆ. ಬೆಂಚಿನ ಮುಂದೆ ನೆಲಕ್ಕೆ ಹಾಸಿ ನಿಂತು ಕೆಲಸ ಮಾಡಿ. ಸಂಜೆ ಹೊತ್ತಿಗೆ ಮಂಡಿ ನಿಮಗೆ ಥ್ಯಾಂಕ್ಸ್ ಹೇಳುತ್ತದೆ.

ಸ್ಟಾರ್ಟರ್ ಕೆಲಸ ಇರುವವರು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐಎಸ್ 15652 ಗುರುತಿನ ಇನ್ಸುಲೇಟಿಂಗ್ ಮ್ಯಾಟ್ ಕೇಳಿ. ಪ್ಯಾನೆಲ್ ಮುಂದೆ ನೆಲಕ್ಕೆ ಹಾಸಲು ಮಾಡಿದ್ದು, 2 ಎಂಎಂನಿಂದ ಸಿಗುತ್ತದೆ. ಸಾದಾ ಕಪ್ಪು ರಬ್ಬರ್, ಬೆಲ್ಟ್, ಟ್ಯೂಬ್ ತುಂಡು ಇವನ್ನೆಲ್ಲ ಕರೆಂಟ್ ತಡೆಯುತ್ತದೆ ಅಂತ ನಂಬಬೇಡಿ. ಕಪ್ಪು ರಬ್ಬರಿನಲ್ಲಿ ಕಾರ್ಬನ್ ಇರುತ್ತದೆ. ಎಷ್ಟು ಬೆರೆಸಿದ್ದಾರೆ ಅನ್ನುವುದರ ಮೇಲೆ ಅದು ಕರೆಂಟನ್ನು ಬಿಡಲೂಬಹುದು. ಮ್ಯಾಟ್ ಇದ್ದರೂ ಮೇನ್ ಆಫ್ ಮಾಡಿಯೇ ಕೈ ಹಾಕಿ.

*ಕಲ್ಲು.* ಚಿಕ್ಕಬಳ್ಳಾಪುರದಲ್ಲಿ ಕಲ್ಲಿಗೇನು ಬರವೇ. ಅಡುಗೆಮನೆ ಮಾಡಿಸಿದಾಗ ಉಳಿದ ಗ್ರಾನೈಟ್, ಕಡಪ ಕಲ್ಲು, ಇಲ್ಲ ಅಂದರೆ ಚಪ್ಪಡಿ. ಬಿಸಿ, ಆಯಿಲ್ ತಡೆಯುತ್ತದೆ, ನಿಜ. ಆದರೆ 18 ಎಂಎಂ ಗ್ರಾನೈಟಿನ ಮೇಲೆ ದೊಡ್ಡ ಸ್ಪ್ಯಾನರ್ ಬಿದ್ದರೆ ಬಿರುಕು ಬಿಡಬಹುದು. ಉಳಿ ಜಾರಿದರೆ ಬಾಯಿ ಹೋಗುತ್ತದೆ, ಕೈ ಜಾರಿದ ಭಾಗವೂ ಒಡೆಯುತ್ತದೆ. ಇಡೀ ಬೆಂಚಿಗೆ ಬೇಡ. ಒಂದು ಅಡಿ ಚೌಕದ ಪಾಲಿಶ್ ತುಂಡು ಮಾತ್ರ ಎತ್ತಿಟ್ಟುಕೊಳ್ಳಿ. ಅದರ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ಸ್ವಲ್ಪ ಆಯಿಲ್ ಹಾಕಿ, ಕಾರ್ಬ್ಯುರೇಟರಿನ ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ. ಎಲ್ಲಿ ಹೊಳೆಯುತ್ತದೋ ಅಲ್ಲಿ ಎತ್ತರ, ಮಂಕಾಗಿ ಉಳಿದಿದ್ದು ತಗ್ಗು. ಮನೆಯಲ್ಲಿ ಇದಕ್ಕಿಂತ ಸಮತಟ್ಟಾದ ವಸ್ತು ಸಿಗುವುದು ಕಷ್ಟ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಟೈಲ್ಸ್ ಒಡೆಯುತ್ತದೆ. ಚೆಕ್ಕರ್ ಪ್ಲೇಟ್ (ಮೇಲೆ ಉಬ್ಬು ಗೆರೆ ಇರುವ ತಗಡು) ಲಾರಿಗೆ, ಬಸ್ಸಿಗೆ ಸರಿ, ಬೆಂಚಿಗಲ್ಲ. ಹಳೇ ಫ್ಲೆಕ್ಸ್ ಬ್ಯಾನರ್ ಒಂದು ದಿನದ ಗಲೀಜು ಕೆಲಸಕ್ಕೆ ಹಾಸಿ ಮಡಚಿಡಲು ಒಳ್ಳೆಯದು. ಎಪಾಕ್ಸಿ ಕೋಟಿಂಗ್ ಹಳೇ ಗಟ್ಟಿ ಹಲಗೆಗೆ ಮರುಜೀವ ಕೊಡುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬಿಡಬೇಕು, ಸುತ್ತಿಗೆ ಏಟಿಗೆ ಚಕ್ಕೆ ಏಳುತ್ತದೆ. ಮರಗೆಲಸದ ಹಲಗೆಗೆ ಅಗಸೆ ಎಣ್ಣೆ ಹಚ್ಚುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ತಂತಿ ಮೇಲೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ನೆನೆಸಿಡಿ.

ಬಿಸಿ ತಡೆಯಲು ಅಂತ ಹಳೇ ಆಸ್ಬೆಸ್ಟಾಸ್ ಶೀಟಿನ ತುಂಡು ಹಾಕುವುದಂತೂ ಬೇಡ. ಕತ್ತರಿಸಿದರೆ, ತೂತು ಹೊಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಎರಡು ಫೈರ್ ಬ್ರಿಕ್ (ಬೆಂಕಿ ತಡೆಯುವ ಇಟ್ಟಿಗೆ) ಇಟ್ಟುಕೊಂಡರೆ ಸಾಕು.

ಹಂತ 4: ತುಂಡು ತಂದು ಪರೀಕ್ಷೆ ಮಾಡಿ

ಪೂರ್ತಿ ಶೀಟ್ ಕೊಳ್ಳುವ ಮುಂಚೆ ಅಂಗೈ ಅಗಲದ ಚೂರು ಕೇಳಿ. ಕತ್ತರಿಸಿ ಉಳಿದಿದ್ದು ಎಲ್ಲ ಅಂಗಡಿಯಲ್ಲೂ ಬಿದ್ದಿರುತ್ತದೆ. ಮನೆಗೆ ತಂದು ನಿಮ್ಮ ಶೆಡ್ಡಿನಲ್ಲಿ ಇರುವ ದ್ರವಗಳನ್ನೇ ಒಂದೊಂದು ಹನಿ ಬಿಡಿ: ಆಯಿಲ್, ಬ್ರೇಕ್ ಆಯಿಲ್, ಥಿನ್ನರ್. ಪೆಟ್ರೋಲ್ ಬೇಗ ಆರುತ್ತದೆ, ಅದಕ್ಕೆ ಹನಿ ಮೇಲೆ ಬಾಟಲಿ ಮುಚ್ಚಳ ಬೋರಲು ಹಾಕಿ, ಹತ್ತಿರ ಬೆಂಕಿ ಇಲ್ಲದ ಕಡೆ ಇಡಿ. ಬೆಳಗ್ಗೆ ಒರೆಸಿ ಉಗುರಿನಲ್ಲಿ ಗೀರಿ. ಮೆತ್ತಗಾಗಿದ್ದರೆ, ಊದಿದ್ದರೆ, ಬಣ್ಣ ಬಿಟ್ಟಿದ್ದರೆ ಅದು ನಿಮ್ಮ ಬೆಂಚಿಗಲ್ಲ. ಆಮೇಲೆ ಎದೆ ಎತ್ತರದಿಂದ ಸುತ್ತಿಗೆ ಒಂದು ಸಲ ಬೀಳಿಸಿ. ಅಂಗಡಿಯವರ ಮಾತಿಗಿಂತ ಈ ಚೂರು ನಿಜ ಹೇಳುತ್ತದೆ.

ಹಂತ 5: ಅಳತೆ, ಕತ್ತರಿಸುವುದು, ಬಗ್ಗಿಸುವುದು

ಎಂಎಸ್ ಶೀಟನ್ನು 8 ಅಡಿಗೆ 4 ಅಡಿ ಕೊಂಡು ಅರ್ಧ ಮಾಡಿಸಿದರೆ 24 ಇಂಚು ಅಗಲ ಸಿಗುತ್ತದೆ. ಮುಂದಿನ ಅಂಚನ್ನು ಹಲಗೆಯ ದಪ್ಪಕ್ಕೆ, ಅಂದರೆ ಒಂದೂವರೆ ಇಂಚು, ಕೆಳಗೆ ಬಗ್ಗಿಸಬೇಕು. ಹಾಗಾಗಿ ಹಲಗೆಯ ಅಗಲವನ್ನು ಮೊದಲೇ 22 ಇಂಚಿಗೆ ಇಳಿಸಿಕೊಳ್ಳಿ. 24 ಇಂಚಿನ ಹಲಗೆ ಮಾಡಿಸಿ ಆಮೇಲೆ ತಗಡು ತರಲು ಹೋದರೆ ಮಡಿಕೆಗೆ ಶೀಟು ಸಾಲುವುದಿಲ್ಲ. ಶೀಟಿನ ಇನ್ನರ್ಧ ನೆಂಟರಿಗೋ ಪಕ್ಕದ ಮನೆಗೋ ಆಗುತ್ತದೆ, ಖರ್ಚು ಹಂಚಿಕೊಳ್ಳಿ.

ಶಿಯರಿಂಗ್ (ಕತ್ತರಿಸುವ), ಬೆಂಡಿಂಗ್ (ಬಗ್ಗಿಸುವ) ಮೆಷಿನ್ ಇರುವ ಅಂಗಡಿಯಲ್ಲೇ ಎರಡೂ ಮಾಡಿಸಿ. ಗ್ರೈಂಡರಿನಲ್ಲಿ ಕತ್ತರಿಸಿ ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದರೆ ಅಂಚು ಹಾವಿನಂತೆ ಅಂಕುಡೊಂಕು. ಹಲಗೆಯನ್ನೇ ಜೊತೆಗೆ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಅಳತೆ ಬಾಯಲ್ಲಿ ಹೇಳುವ ಗೊಂದಲ ಇರುವುದಿಲ್ಲ.

ಬೆಲ್ಟ್ ಕತ್ತರಿಸಲು ಮೆಷಿನ್ ಬೇಡ. ಹರಿತವಾದ ಚಾಕು, ಆಂಗಲ್ ಪಟ್ಟಿ, ಸೋಪಿನ ನೀರು. ನೀರು ಹಾಕುತ್ತಾ ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಎಳೆಯಿರಿ. ಒಂದೇ ಏಟಿಗೆ ಕತ್ತರಿಸಲು ಹೋದರೆ ಚಾಕು ಬಟ್ಟೆಯ ಪದರಕ್ಕೆ ಸಿಕ್ಕಿ ಪಕ್ಕಕ್ಕೆ ಹಾರುತ್ತದೆ. ಸುರುಳಿ ಸುತ್ತಿದ ಬೆಲ್ಟನ್ನು ಮೊದಲು ಬಿಸಿಲಿನಲ್ಲಿ ಬಿಚ್ಚಿ ಹಾಕಿ, ಮೇಲೆ ಕಲ್ಲು ಹೇರಿ.

ಹಂತ 6: ಕೂರಿಸುವುದು

ತಗಡಿನ ಅಂಚನ್ನು ಮೊದಲು ಅರದಿಂದ ಉಜ್ಜಿ. ಶಿಯರಿಂಗ್ ಮಾಡಿದ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಮುಳ್ಳು ಇರುತ್ತದೆ. ಅಂಗೈ ಸವರಿ ನೋಡಬೇಡಿ, ಹಳೇ ಬನಿಯನ್ ಬಟ್ಟೆ ಎಳೆದು ನೋಡಿ. ಎಲ್ಲಿಯೂ ಎಳೆ ಸಿಕ್ಕಿಕೊಳ್ಳದಿದ್ದರೆ ಮುಗಿಯಿತು. ಎಡ, ಬಲ ತುದಿಯ ಮೂಲೆಗಳನ್ನು ದುಂಡಗೆ ಮಾಡಿ. ಸೊಂಟಕ್ಕೆ ತಾಗುವುದು ಅವೇ.

ಹೊಸ ಶೀಟಿನ ಮೇಲೆ ಎಣ್ಣೆ ಇರುತ್ತದೆ. ಥಿನ್ನರ್ ಬಟ್ಟೆಯಿಂದ ಶೆಡ್ಡಿನ ಹೊರಗೆ ಒರೆಸಿ. ಪ್ಲೈಗೆ ತಾಗುವ ಹಿಂದಿನ ಮುಖಕ್ಕೆ ರೆಡ್ ಆಕ್ಸೈಡ್ (ತುಕ್ಕು ತಡೆಯುವ ಪೇಂಟ್) ಎರಡು ಕೋಟ್ ಹೊಡೆಯಿರಿ. ಕಣ್ಣಿಗೆ ಕಾಣದ ಮುಖಕ್ಕೆ ಯಾಕೆ ಅನ್ನಬೇಡಿ. ತುಕ್ಕು ಶುರುವಾಗುವುದೇ ತಗಡಿಗೂ ಪ್ಲೈಗೂ ನಡುವೆ, ತೇವ ಆರದ ಜಾಗದಲ್ಲಿ. ಮೇಲಿನ ಮುಖಕ್ಕೆ ಪೇಂಟ್ ಬೇಡ, ಕಿತ್ತು ಬರುತ್ತದೆ.

ಪೇಂಟ್ ಪೂರ್ತಿ ಒಣಗಿದ ಮೇಲೆ ಮಡಿಕೆಯನ್ನು ಮುಂದಿನ ಅಂಚಿಗೆ ಸಿಕ್ಕಿಸಿ ಶೀಟನ್ನು ಹಿಂದಕ್ಕೆ ಮಲಗಿಸಿ. ಇಬ್ಬರು ಬೇಕು, ಇಲ್ಲದಿದ್ದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ಹಾಕುವುದು ಮುಂದಿನ ಮಡಿಕೆಯಲ್ಲಿ ಮತ್ತು ಹಿಂದಿನ ಅಂಚಿನಲ್ಲಿ ಮಾತ್ರ, ಒಂದೊಂದು ಅಡಿಗೆ ಒಂದು. ಕೆಲಸ ಮಾಡುವ ಜಾಗದಲ್ಲಿ ಸ್ಕ್ರೂ ತಲೆ ಇರಬಾರದು. 8 ನಂಬರ್ ಸ್ಕ್ರೂಗೆ ತಗಡಿನಲ್ಲಿ 5 ಎಂಎಂ ತೂತು ಹೊಡೆಯಿರಿ, ಸ್ವಲ್ಪ ಸಡಿಲ ಇರಲಿ. ತಗಡಿನ ಚಾವಣಿಯ ಶೆಡ್ಡು ಏಪ್ರಿಲ್‌ನಲ್ಲಿ ಕಾಯುವುದು ಗೊತ್ತಲ್ಲ. 30 ಡಿಗ್ರಿ ಏರಿದರೆ 8 ಅಡಿಯ ಕಬ್ಬಿಣ ಸುಮಾರು 0.9 ಎಂಎಂ ಉದ್ದವಾಗುತ್ತದೆ. ಜಾಗ ಕೊಡದಿದ್ದರೆ ನಡುವೆ ಉಬ್ಬುತ್ತದೆ.

ಹಿಂದಿನ ಅಂಚಿನ ಸ್ಕ್ರೂಗಳ ಮೇಲೆ ಮೂರ್ನಾಲ್ಕು ಇಂಚು ಎತ್ತರದ ಪ್ಲೈ ಪಟ್ಟಿ ನಿಲ್ಲಿಸಿ ಗೋಡೆಗೆ ಹಿಡಿಸಿ. ಅದಿಲ್ಲದಿದ್ದರೆ ಬೆಂಚಿನ ಹಿಂದೆ ನಟ್ಟು ಬೋಲ್ಟುಗಳ ಒಂದು ಊರೇ ಬೆಳೆಯುತ್ತದೆ.

ವೈಸ್ ಕೊನೆಗೆ. ಬೆಂಚಿನ ಕಾಲಿನ ನೇರಕ್ಕೆ ಬರುವ ಹಾಗೆ ಇಡಿ. ತಗಡು, ಪ್ಲೈ ಎರಡನ್ನೂ ದಾಟಿ ಬೋಲ್ಟ್ ಕೆಳಗೆ ಬರಬೇಕು, ಕೆಳಗಡೆ ವಾಷರ್ ಬದಲು ಒಂದು ಎಂಎಸ್ ಪಟ್ಟಿ ಹಾಕಿ ನಟ್ಟು ಬಿಗಿಯಿರಿ. ಬರೀ ವಾಷರ್ ಮರದೊಳಗೆ ಇಳಿಯುತ್ತಾ ಹೋಗುತ್ತದೆ.

8 ಅಡಿಯಲ್ಲಿ ನಾನು ಹೇಳುವ ಹಂಚಿಕೆ: ವೈಸ್ ಇರುವ ಕಡೆ 5 ಅಡಿ ತಗಡು, ಉಳಿದ 3 ಅಡಿ ಹಾರ್ಡ್‌ಬೋರ್ಡ್ ಅಥವಾ ಸನ್‌ಮೈಕಾ. ತಗಡನ್ನು ಮೊದಲೇ 5 ಅಡಿಗೆ ಕತ್ತರಿಸಿಕೊಂಡರೆ ಆಯಿತು. 2 ಎಂಎಂ ತಗಡಿಗೆ 3 ಎಂಎಂ ಹಾರ್ಡ್‌ಬೋರ್ಡ್ ಪಕ್ಕ ಒಂದು ಎಂಎಂ ಮೆಟ್ಟಿಲಾಗುತ್ತದೆ, ಏನೂ ತೊಂದರೆಯಿಲ್ಲ. 6 ಎಂಎಂ ಪ್ಲೈ ಮೇಲಿನ ಸನ್‌ಮೈಕಾ ಆದರೆ ಮೆಟ್ಟಿಲು ದೊಡ್ಡದು, ಆ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿ. ರಬ್ಬರನ್ನು ಎಲ್ಲಿಗೂ ಅಂಟಿಸಬೇಡಿ. ಬೇಕಾದಾಗ ತಗಡಿನ ಮೇಲೆ ಹಾಸಿ, ಮುಗಿದ ಮೇಲೆ ಗೋಡೆಗೆ ಒರಗಿಸಿ.

ವೆಲ್ಡಿಂಗ್ ಮಾಡುವವರಿಗೆ ಒಂದು ಮಾತು. ಮರದ ಮೇಲಿನ ತಗಡಿನಲ್ಲಿ ವೆಲ್ಡಿಂಗ್ ಬೇಡ. ಮೇಲೆ ಏನೂ ಕಾಣುವುದಿಲ್ಲ, ಕೆಳಗೆ ಪ್ಲೈ ಒಳಗೊಳಗೇ ಸುಡುತ್ತಿರುತ್ತದೆ. ನೀವು ಬಾಗಿಲು ಹಾಕಿ ಊಟಕ್ಕೆ ಹೋದ ಮೇಲೆ ಹೊಗೆ ಬರುತ್ತದೆ. ಆಂಗಲ್ ಸ್ಟ್ಯಾಂಡಿನ ಮೇಲೆ 6 ಎಂಎಂ ಪ್ಲೇಟ್ ಇಟ್ಟು ಬೇರೆಯಾಗಿ, ಸಾಧ್ಯವಾದರೆ ಶೆಡ್ಡಿನ ಹೊರಗೆ ಮಾಡಿ.

ಹಂತ 7: ನೋಡಿಕೊಳ್ಳುವುದು

ತಗಡಿಗೆ ದಿನದ ಕೊನೆಯಲ್ಲಿ ಆಯಿಲ್ ಬಟ್ಟೆ ಒಂದು ಸಲ ಎಳೆದರೆ ಸಾಕು. ಅದಕ್ಕೆ ಮುಂಚೆ ಗ್ರೈಂಡಿಂಗ್ ಪುಡಿಯನ್ನು ಬ್ರಷ್‌ನಲ್ಲಿ ತಳ್ಳಿ, ಇಲ್ಲದಿದ್ದರೆ ಅದೇ ಪುಡಿ ಉಜ್ಜಿ ಗೀರು ಬೀಳುತ್ತದೆ. ಒದ್ದೆ ಡಬ್ಬಿ, ನೀರಿನ ಚೊಂಬು ಇಟ್ಟರೆ ಬೆಳಗ್ಗೆಗೆ ಉಂಗುರದ ತುಕ್ಕು. ವಾಟರ್ ಪೇಪರಿಗೆ ಸ್ವಲ್ಪ ಡೀಸೆಲ್ ಹಾಕಿ ಉಜ್ಜಿದರೆ ಹೋಗುತ್ತದೆ. ಬ್ಯಾಟರಿ ಆಸಿಡ್ ಚೆಲ್ಲಿದರೆ ಮೊದಲು ಅಡುಗೆ ಸೋಡಾ ಉದುರಿಸಿ. ನೊರೆ ಬರುವುದು ನಿಲ್ಲುವವರೆಗೆ ಹಾಕಿ, ಆಮೇಲೆ ನೀರಿನಿಂದ ಒರೆಸಿ ಒಣಗಿಸಿ. ಮೊದಲ ಬೇಸಿಗೆ ಕಳೆದ ಮೇಲೆ ಎಲ್ಲ ಸ್ಕ್ರೂ, ವೈಸ್ ಬೋಲ್ಟ್ ಇನ್ನೊಮ್ಮೆ ಬಿಗಿಯಿರಿ.

ಹಾರ್ಡ್‌ಬೋರ್ಡನ್ನು ಮಧ್ಯದಲ್ಲಿ ಉಬ್ಬು ಕಂಡ ದಿನವೇ ಬದಲಾಯಿಸಿ. ತಡ ಮಾಡಿದರೆ ಆಯಿಲ್ ಕೆಳಗಿನ ಪ್ಲೈಗೆ ಇಳಿಯುತ್ತದೆ. ಬಿಚ್ಚಿದ ಹಳೇದನ್ನು ಸ್ನಾನದ ಹಂಡೆ ಒಲೆಗೆ ಹಾಕಬೇಡಿ. ಆಯಿಲ್ ಜೊತೆ ಸ್ಪ್ರೇಯರ್ ಔಷಧಿಯೂ ಅದರಲ್ಲಿ ಸೇರಿರುತ್ತದೆ, ಅದರ ಹೊಗೆ ಮನೆಯೊಳಗೆ ಬರಬಾರದು.